ಅಲಮೀಡಾದಿಂದ ಸಿಟಿಗೆ ದಿನಾ ಫೆರಿಯಲ್ಲಿ ಹೋಗುವವರು ಯಾರಾದರೂ ಇದ್ದೀರಾ?

ಹೊಸಬಾಡಿಗೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೀಡಾ ದ್ವೀಪದ ಪಶ್ಚಿಮ ತುದಿಗೆ ಮನೆ ಬದಲಾಯಿಸುತ್ತಿದ್ದೇವೆ. ಆಫೀಸು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಮಾರ್ಕೆಟ್ ಸ್ಟ್ರೀಟ್ ಪಕ್ಕ. ದೋಣಿ ನಿಲ್ಲುವ ಫೆರಿ ಬಿಲ್ಡಿಂಗಿನಿಂದ ನಡೆದರೆ ಹತ್ತು ನಿಮಿಷ. ವಾರಕ್ಕೆ ಮೂರು ದಿನ ಹೋಗಲೇಬೇಕು.

ಇಷ್ಟು ದಿನ ಫ್ರೀಮಾಂಟಿನಿಂದ ಬಾರ್ಟ್ (ಇಲ್ಲಿಯ ಮೆಟ್ರೋ ರೈಲು) ಹಿಡಿದು ಹೋಗುತ್ತಿದ್ದೆ. ಅಲಮೀಡಾ ದ್ವೀಪದಲ್ಲಿ ಬಾರ್ಟ್ ನಿಲ್ದಾಣವೇ ಇಲ್ಲ ಅನ್ನೋದು ಮನೆಗೆ ಅಡ್ವಾನ್ಸ್ ಕೊಟ್ಟ ಮೇಲೆ ಗೊತ್ತಾಯಿತು. ನಗಬೇಡಿ. ಕಾರಿನಲ್ಲಿ ಹೋದರೆ ಕೊಲ್ಲಿ ದಾಟುವ ಬೇ ಬ್ರಿಡ್ಜ್ ಮೇಲೆ ಅರ್ಧ ಆಯಸ್ಸು ಕಳೆಯುತ್ತದೆ. ಫೆರಿ ಇದೆಯಲ್ಲ ಅಂತ ಹೆಂಡತಿ ಹೇಳುತ್ತಾಳೆ. ನನಗೋ ಅದು ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳೋಕೆ ಹತ್ತುವ ದೋಣಿ ಅನ್ನೋ ಭಾವನೆ. ದಿನಾ ಕೆಲಸಕ್ಕೆ ನಂಬಿಕೊಂಡು ಹೋಗಬಹುದಾ? ಮಂಜು ಬಿದ್ದಾಗ ಏನು ಗತಿ? ಇನ್ನೊಂದು ಮಾತು, ನನಗೆ ಘಾಟಿ ರಸ್ತೆಯಲ್ಲೇ ವಾಂತಿ ಬರುತ್ತದೆ.

ಲಗೂನ್‌ದಡ:

ಪಶ್ಚಿಮ ತುದಿ ಅಂದರೆ ನಿಮಗೆ ಸೀಪ್ಲೇನ್ ಲಗೂನ್ ದಕ್ಕೆ ಹತ್ತಿರ. ಹಳೇ ನೌಕಾನೆಲೆಯ ಜಾಗ ಅದು. 2021ರ ಜುಲೈನಲ್ಲಿ ಶುರುವಾಯಿತು. ನಾನು ಹೆಚ್ಚುಕಮ್ಮಿ ಆಗಿನಿಂದಲೂ ಅಲ್ಲಿಂದಲೇ ಹೋಗುತ್ತಿದ್ದೇನೆ. ನೀರಿನ ಮೇಲೆ 20 ನಿಮಿಷ, ಅಷ್ಟೇ.

ಆದರೆ ಆ 20 ನಿಮಿಷ ನೋಡಿ ಮರುಳಾಗಬೇಡಿ. ಹೊಸಬರೆಲ್ಲ ಮಾಡುವ ತಪ್ಪು ಅದೇ. ನಿಮ್ಮ ಮನೆ ಬಾಗಿಲಿನಿಂದ ದಕ್ಕೆಗೆ ಎಷ್ಟು ಹೊತ್ತು? ಅಲ್ಲಿ ಎಷ್ಟು ಮೊದಲೇ ಇರಬೇಕು? ಇಳಿದ ಮೇಲೆ ಎಷ್ಟು ನಡಿಗೆ? ನನ್ನ ಲೆಕ್ಕ ಹೀಗಿದೆ: ಸೈಕಲ್ಲಿನಲ್ಲಿ 8 ನಿಮಿಷ, ಸರದಿಯಲ್ಲಿ 7, ದೋಣಿಯಲ್ಲಿ 20, ಇಳಿಯೋಕೆ 3, ನಡಿಗೆ 9. ಒಟ್ಟು 47 ನಿಮಿಷ. ಕಾರಿನಲ್ಲಿ ಒಳ್ಳೆಯ ದಿನ ಇದಕ್ಕಿಂತ ಕಮ್ಮಿ ಆಗುತ್ತದೆ. ಕೆಟ್ಟ ದಿನದ ಕಥೆ ನಿಮಗೆ ಗೊತ್ತೇ ಇದೆ. ಫೆರಿಯಲ್ಲಿ ಮಾತ್ರ ಒಳ್ಳೆಯ ದಿನವೂ 47, ಕೆಟ್ಟ ದಿನವೂ ಸುಮಾರು 47. ನಾನು ಅದಕ್ಕೇ ಅಂಟಿಕೊಂಡಿರೋದು.

ಬಾರ್ಟ್‌ಬಂಟ:

ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವೆಸ್ಟ್ ಓಕ್ಲೆಂಡಿನಿಂದ ಸಿಟಿಯ ಎಂಬಾರ್ಕಡೆರೊ ನಿಲ್ದಾಣಕ್ಕೆ ಬಾರ್ಟ್‌ನಲ್ಲಿ ಬರೀ 7 ನಿಮಿಷ. ಒಂದು ರೈಲು ತಪ್ಪಿದರೆ ಇನ್ನೊಂದು ಹಿಂದೆಯೇ ಬರುತ್ತದೆ. ಫೆರಿ ತಪ್ಪಿತೋ, ದಕ್ಕೆಯ ಮೇಲೆ ನಿಂತು ಕೊಕ್ಕರೆ ಎಣಿಸಬೇಕು. ರಾತ್ರಿ ಮೀಟಿಂಗ್ ತಡವಾಯಿತೋ, ಕೊನೆಯ ದೋಣಿ ಹೋಗಿಯೇ ಬಿಟ್ಟಿರುತ್ತದೆ. ನೋಡೋಕೆ ಚೆಂದ, ಒಪ್ಪುತ್ತೇನೆ. ಆದರೆ ಟೈಮ್‌ಟೇಬಲ್ ನಿಮ್ಮ ಬದುಕು ನಡೆಸುತ್ತದೆ, ನೀವಲ್ಲ.

ಲಗೂನ್‌ದಡ:

ಬಂಟರೇ, ನಿಜ. ಅದಕ್ಕೇ ನನ್ನ ಬ್ಯಾಗಿನಲ್ಲಿ ಎರಡು ಪ್ಲಾನ್ ಇರುತ್ತದೆ. ಕೊನೆ ದೋಣಿ ತಪ್ಪಿದರೆ ಬಾರ್ಟ್ ಹಿಡಿದು ಓಕ್ಲೆಂಡಿಗೆ ಬಂದು ಅಲ್ಲಿಂದ ಬಸ್ಸು. ಫೆರಿಗೂ ಇವೆರಡಕ್ಕೂ ಅದೇ ಕ್ಲಿಪ್ಪರ್ ಅನ್ನೋ ಪ್ರಯಾಣದ ಕಾರ್ಡ್ ನಡೆಯುತ್ತದೆ. ಕಾಗದದ ಟಿಕೆಟ್ ತಗೋಬೇಡಿ, ಕ್ಲಿಪ್ಪರ್‌ನಲ್ಲಿ ಅಗ್ಗ.

ಹಳೇನಕ್ಷೆ:

ಫೆರಿ ಅಂದರೆ ಪ್ರವಾಸಿಗಳ ದೋಣಿ ಅಂದಿರಲ್ಲ, ಅದಕ್ಕೊಂದು ಉತ್ತರ ಕೊಡದೆ ಇರೋಕೆ ಆಗುತ್ತಿಲ್ಲ. ಉದ್ದ ಆಗುತ್ತದೆ, ಚಹಾ ತಂದು ಕುಳಿತುಕೊಳ್ಳಿ.

ಈ ಕೊಲ್ಲಿಯಲ್ಲಿ ಸೇತುವೆಗಳೇ ಹೊಸಬರು. ಫೆರಿ ಬಿಲ್ಡಿಂಗ್ 1898ರದು. 245 ಅಡಿಯ ಆ ಗಡಿಯಾರದ ಗೋಪುರ ಸ್ಪೇನಿನ ಸೆವಿಲ್ ನಗರದ ಗೋಪುರ ನೋಡಿ ಕಟ್ಟಿದ್ದು. ಸಿಟಿಯನ್ನು ಸುಟ್ಟುಹಾಕಿದ 1906ರ ಭೂಕಂಪದಲ್ಲೂ ಅದು ನಿಂತಿತು. ಸಾವಿರಾರು ಜನ ಅಲ್ಲಿಂದಲೇ ದೋಣಿ ಹತ್ತಿ ಆಚೆ ದಡಕ್ಕೆ ಪಾರಾದರು. 1930ರ ದಶಕದಲ್ಲಿ ವರ್ಷಕ್ಕೆ ಸುಮಾರು 5 ಕೋಟಿ ಪ್ರಯಾಣ ದೋಣಿಯ ಮೇಲೆ ನಡೆಯುತ್ತಿತ್ತು. ಅವರಲ್ಲಿ ಹೆಚ್ಚಿನವರು ನಮ್ಮ ಹಾಗೇ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟವರು.

ಆಮೇಲೆ 1936ರ ನವೆಂಬರಿನಲ್ಲಿ ಬೇ ಬ್ರಿಡ್ಜ್ ತೆರೆಯಿತು. ಆರು ತಿಂಗಳಲ್ಲಿ, 1937ರ ಮೇ ತಿಂಗಳು, ಗೋಲ್ಡನ್ ಗೇಟ್. ದೋಣಿಗಳು ಒಂದೊಂದಾಗಿ ನಿಂತವು. ಓಕ್ಲೆಂಡ್ ಕಡೆಯ ಕೊನೆಯ ಹಳೇ ಫೆರಿ 1958ರಲ್ಲಿ ನಿಂತಿತು. ಅದೇ ಹೊತ್ತಿಗೆ ಫೆರಿ ಬಿಲ್ಡಿಂಗಿನ ಮೂತಿಗೇ ಎರಡಂತಸ್ತಿನ ಎಂಬಾರ್ಕಡೆರೊ ಫ್ರೀವೇ ಅಡ್ಡ ಕಟ್ಟಿದರು. ಇಡೀ ಊರು ದಡಕ್ಕೆ ಬೆನ್ನು ಹಾಕಿ ಕುಳಿತ ಹಾಗೆ. ಆ ಫ್ರೀವೇಗೆ ಪೆಟ್ಟು ಕೊಟ್ಟಿದ್ದು 1989ರ ಭೂಕಂಪ. 1991ರಲ್ಲಿ ಕೆಡವಿದರು. ಈಗ ನೀವು ಇಳಿದು ನಡೆಯುವ ಅಷ್ಟಗಲದ ಬಯಲು ಸಿಕ್ಕಿದ್ದು ಹಾಗೆ.

ಎಂಬತ್ತೊಂಬತ್ತರವ:

ಆ ಭೂಕಂಪದ ದಿನ ನಾನು ಸಿಟಿಯಲ್ಲೇ ಇದ್ದೆ. ಅಕ್ಟೋಬರ್ 17, ಸಂಜೆ 5 ಗಂಟೆ 4 ನಿಮಿಷ. ಬೇ ಬ್ರಿಡ್ಜಿನ ಮೇಲಂತಸ್ತಿನ ಒಂದು ತುಂಡು ಕೆಳಂತಸ್ತಿನ ಮೇಲೆ ಬಿತ್ತು. ಸೇತುವೆ ಮತ್ತೆ ತೆರೆದದ್ದು ನವೆಂಬರ್ 18ಕ್ಕೆ. ಆ ಒಂದು ತಿಂಗಳು ಎಲ್ಲೆಲ್ಲಿಂದಲೋ ದೋಣಿ ತಂದು ಓಡಿಸಿದರು. ಓಕ್ಲೆಂಡ್, ಅಲಮೀಡಾ, ಬರ್ಕ್ಲಿ, ರಿಚ್ಮಂಡ್, ಎಲ್ಲ ಕಡೆಗೂ. ನಾನು ಹತ್ತಿದ ದೋಣಿಯಲ್ಲಿ ಸೂಟು ಹಾಕಿದವರು, ಅಡುಗೆಯವರು, ನರ್ಸುಗಳು ಎಲ್ಲ ಒತ್ತಿಕೊಂಡು ಕೂತಿದ್ದೆವು. ಮೊದಲ ವಾರ ಯಾರೂ ಮಾತಾಡುತ್ತಿರಲಿಲ್ಲ. ಎರಡನೇ ವಾರ ಎಲ್ಲರೂ ಮಾತಾಡುತ್ತಿದ್ದರು.

ಸೇತುವೆ ತೆರೆದ ಮೇಲೆ ಬೇರೆ ಹೊಸ ಮಾರ್ಗಗಳು ನಿಂತುಹೋದವು. ಅಲಮೀಡಾ–ಓಕ್ಲೆಂಡಿನದು ಉಳಿಯಿತು. ಹೊಸಬಾಡಿಗೆಯವರೇ, ನಿಮ್ಮ ದೋಣಿ ಹುಟ್ಟಿದ್ದು ಹಾಗೆ.

ಬಾರ್ಟ್‌ಬಂಟ:

ಆ ತಿಂಗಳೂ ಕೊಲ್ಲಿಯಡಿಯ ಕೊಳವೆಯಲ್ಲಿ ಬಾರ್ಟ್ ಓಡುತ್ತಿತ್ತು ಅನ್ನೋದು ದಾಖಲೆಗೆ ಇರಲಿ :)

ಎಂಬತ್ತೊಂಬತ್ತರವ:

ಓಡಿತಪ್ಪ. 2013ರಲ್ಲಿ ಬಾರ್ಟಿನವರು ಜುಲೈನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಮುಷ್ಕರ ಹೂಡಿದಾಗ ಏನು ಓಡಿತು ಅನ್ನೋದೂ ದಾಖಲೆಗೆ ಇರಲಿ. ದಕ್ಕೆಯ ಸರದಿ ರಸ್ತೆಯವರೆಗೆ ಬಂದಿತ್ತು.

ಲಾರ್ಕ್‌ಸ್ಪರ್‌ಅಕ್ಕ:

ಉತ್ತರ ದಡದವರದ್ದೂ ಕೇಳಿ. ನಮ್ಮ ಮರಿನ್ ಕೌಂಟಿಗೆ ಬಾರ್ಟ್ ಬರಲೇ ಇಲ್ಲ, 1962ರಲ್ಲೇ ಆ ಯೋಜನೆಯಿಂದ ಹೊರಗೆ ಬಿದ್ದೆವು. ಗೋಲ್ಡನ್ ಗೇಟ್ ಸೇತುವೆಯನ್ನು ಅಗಲ ಮಾಡೋಕೂ ಆಗಲ್ಲ. ಅದಕ್ಕೆ ಸೇತುವೆಯವರೇ ದೋಣಿ ಇಳಿಸಿದರು. 1970ರಲ್ಲಿ ಸಾಸಲೀಟೊ, 1976ರಲ್ಲಿ ಲಾರ್ಕ್‌ಸ್ಪರ್. ಸೇತುವೆ ನಡೆಸುವ ಸಂಸ್ಥೆ ತನ್ನ ಸುಂಕದ ದುಡ್ಡಿನಲ್ಲೇ ಸೇತುವೆಗೆ ಬರಬೇಡಿ ಅಂತ ದೋಣಿ ಓಡಿಸುತ್ತದೆ! ಮೊದಲು ಕೇಳಿದಾಗ ನನಗೆ ನಗು ಬಂದಿತ್ತು.

ನನ್ನ ದಾರಿ ಅರ್ಧ ಗಂಟೆ ಚಿಲ್ಲರೆ. ಬೆಳಿಗ್ಗೆ ಹೊರಟ ತಕ್ಷಣ ಎಡಗಡೆ ಸ್ಯಾನ್ ಕ್ವೆಂಟಿನ್ ಜೈಲು. ಕೊಲ್ಲಿಯಲ್ಲೇ ಅತಿ ಚೆಂದದ ಜಾಗದಲ್ಲಿ ಜೈಲು ಕಟ್ಟಿದ್ದಾರೆ. ಅಲ್ಲಿ ದೋಣಿ ನಿಧಾನ ಹೋಗುತ್ತದೆ, ಅಲೆ ಎದ್ದು ದಡದ ಜವುಗು ಕೊಚ್ಚಬಾರದು ಅಂತ. ಎಲ್ಲರೂ ಆಗ ಲ್ಯಾಪ್‌ಟಾಪ್ ತೆಗೆಯುತ್ತಾರೆ.

ನನ್ನ ದೂರು ನೀರಿನ ಮೇಲಿನದ್ದಲ್ಲ, ನೆಲದ ಮೇಲಿನದ್ದು. ಸೊನೋಮಾ ಕಡೆಯಿಂದ ಬರುವ ರೈಲನ್ನು 2019ರ ಡಿಸೆಂಬರಿನಲ್ಲಿ ಲಾರ್ಕ್‌ಸ್ಪರ್‌ವರೆಗೆ ತಂದರು. ತಂದು ಎಲ್ಲಿ ನಿಲ್ಲಿಸಿದರು? ದಕ್ಕೆಯಿಂದ ಹತ್ತು ನಿಮಿಷಕ್ಕೂ ಜಾಸ್ತಿ ನಡೆಯುವಷ್ಟು ದೂರ. ಊಟಕ್ಕೆ ಕರೆದು ಎಲೆಯನ್ನು ಪಕ್ಕದ ಮನೆಯಲ್ಲಿ ಹಾಕಿದ ಹಾಗೆ. ಮಳೆಯಲ್ಲಿ ಬ್ಯಾಗು ಹೊತ್ತು ಓಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲಗೂನ್‌ದಡ:

ಅಕ್ಕ, ಅದೇ ನಾನೂ ಹೇಳಿದ್ದು. ಫೆರಿ ಗೆಲ್ಲೋದೂ ಸೋಲೋದೂ ದಡದ ಮೇಲೆ.

ಪಾತಿದೋಣಿ:

ವೃತ್ತಿಯಿಂದ ನಾನು ಹಡಗು ರಿಪೇರಿಯವನು. ಹೊಸಬಾಡಿಗೆಯವರ ವಾಂತಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ ಮಾರಾಯ್ರೆ!

ಇಲ್ಲಿಯ ಫೆರಿಗಳೆಲ್ಲ ಬಹುಮಟ್ಟಿಗೆ ಕ್ಯಾಟಮರಾನ್. ಅಂದರೆ ಒಂದೇ ದಪ್ಪ ಒಡಲಿನ ಬದಲು ಎರಡು ಸಪೂರ ಒಡಲು, ಮೇಲೆ ಒಂದು ಹಲಗೆ ಹೊದಿಸಿದ ಹಾಗೆ. ಅಕ್ಕಪಕ್ಕ ಓಲಾಡೋದು ಕಮ್ಮಿ. ನೀರನ್ನು ಸೀಳಿಕೊಂಡು ಹೋಗೋದರಿಂದ ಹಿಂದೆ ಏಳುವ ಅಲೆಯೂ ಸಣ್ಣದು, ಆಳ ಇಲ್ಲದ ಜಾಗದಲ್ಲೂ ನಡೆಯುತ್ತದೆ. ಬೆಳಿಗ್ಗೆ ಕೊಲ್ಲಿ ಸಾಮಾನ್ಯವಾಗಿ ಕನ್ನಡಿ. ಬೇಸಿಗೆಯಲ್ಲಿ ಮಧ್ಯಾಹ್ನ ದಾಟಿದ ಮೇಲೆ ಗೋಲ್ಡನ್ ಗೇಟ್ ಕಂಡಿಯಿಂದ ಪಶ್ಚಿಮದ ಗಾಳಿ ನುಗ್ಗುತ್ತದೆ. ಒಳನಾಡು ಕಾದು ಗಾಳಿ ಮೇಲೇಳುತ್ತದೆ, ಆ ಜಾಗ ತುಂಬೋಕೆ ಸಮುದ್ರದ ತಣ್ಣನೆ ಗಾಳಿ ಎಳೆದುಕೊಂಡು ಬರುತ್ತದೆ. ಆದ್ದರಿಂದ ಕುಲುಕಾಟ ಏನಿದ್ದರೂ ಮನೆಗೆ ಮರಳುವಾಗ. ಆಗ ಕೆಳಗಿನ ಅಂತಸ್ತಿನಲ್ಲಿ, ಮಧ್ಯದಿಂದ ಸ್ವಲ್ಪ ಹಿಂದೆ ಕುಳಿತುಕೊಳ್ಳಿ. ಫೋನ್ ನೋಡಬೇಡಿ, ದೂರದ ದಡ ನೋಡಿ. ಮುಂಭಾಗದ ಮೇಲಿನ ಸೀಟು ಫೋಟೋಗೆ ಚೆಂದ, ಹೊಟ್ಟೆಗಲ್ಲ.

ಮಂಜಿಗೆ ದೋಣಿ ನಿಲ್ಲೋದು ಅಪರೂಪ. ರಾಡಾರ್ ಇದೆ. ಜೊತೆಗೆ ಯೆರ್ಬಾ ಬ್ಯೂನಾ ದ್ವೀಪದ ಮೇಲೆ ಕೋಸ್ಟ್ ಗಾರ್ಡಿನವರು ಕುಳಿತು, ವಿಮಾನ ನಿಲ್ದಾಣದಲ್ಲಿ ಮಾಡುವ ಹಾಗೆ, ಯಾವ ಹಡಗು ಎಲ್ಲಿದೆ ಅಂತ ರೇಡಿಯೋದಲ್ಲಿ ಹೇಳುತ್ತಿರುತ್ತಾರೆ. ಮಂಜಿನಲ್ಲಿ ನಿಧಾನ ಹೋಗುತ್ತದೆ, ಐದು ಹತ್ತು ನಿಮಿಷ ತಡ. ಜೋರು ಗಾಳಿಗೆ ಮಾತ್ರ ರದ್ದಾಗಬಹುದು, ಚಳಿಗಾಲದ ಬಿರುಗಾಳಿ ಮಳೆಯಲ್ಲಿ.

ಹೊಸಬಾಡಿಗೆ:

ಪಾತಿದೋಣಿಯವರಿಗೆ ದೊಡ್ಡ ನಮಸ್ಕಾರ. ಹಿಂದಿನ ಸೀಟು ಅಂತ ಬರೆದಿಟ್ಟುಕೊಂಡೆ. ಇನ್ನೊಂದು ಪ್ರಶ್ನೆ. ತುಂಬಿದರೆ ಬಸ್ಸಿನ ಹಾಗೆ ನೇತಾಡಿಕೊಂಡು ಹೋಗಬಹುದಾ?

ಪಾತಿದೋಣಿ:

ಖಂಡಿತ ಇಲ್ಲ. ಹತ್ತುವ ಜಾಗದಲ್ಲಿ ಸಿಬ್ಬಂದಿ ಕೈಯಲ್ಲಿ ಟಿಕ್ ಟಿಕ್ ಎಣಿಸುವ ಯಂತ್ರ ಹಿಡಿದಿರುತ್ತಾರೆ, ನೋಡಿ. ಪ್ರಮಾಣಪತ್ರದಲ್ಲಿ ಬರೆದ ಸಂಖ್ಯೆ ಆಯಿತೋ, ಸರಪಳಿ ಹಾಕಿದರು. ಮುಂದಿದ್ದವರು ಗಂಡ, ಹಿಂದಿದ್ದವರು ಹೆಂಡತಿ ಆದರೂ ಸರಿ. ಅಮೆರಿಕದ ಎಷ್ಟೋ ಸಣ್ಣ ಫೆರಿಗಳಿಗೆ 149 ಜನ ಅನ್ನೋ ವಿಚಿತ್ರ ಮಿತಿ ಇರೋದು ಯಾಕೆ ಗೊತ್ತಾ? 150 ದಾಟಿದರೆ ಕೋಸ್ಟ್ ಗಾರ್ಡಿನ ಇನ್ನೂ ಬಿಗಿಯಾದ ನಿಯಮದ ಪುಸ್ತಕ ತೆರೆಯುತ್ತದೆ.

ಕೊಲ್ಲಿಯ ಉತ್ತರದ ವಲೇಹೊ ಊರಿನಿಂದ ಬರುವ ದೊಡ್ಡವು ಬೇರೆ. ಪಿಕ್ಸಿಸ್, ವೇಲಾ, ಲೈರಾ ಅಂತ ಮೂರಿವೆ, ಒಂದೊಂದರಲ್ಲಿ 445 ಜನ. 34 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್.

ಹಳೇನಕ್ಷೆ:

ಹೆಸರಿನ ಮಾತು ಬಂತು, ಸುಮ್ನೆ ಒಂದು. ಅಲಮೀಡಾ, ವಲೇಹೊ ಫೆರಿ ನಡೆಸುವ ಸಂಸ್ಥೆಯ ದೋಣಿಗಳಿಗೆ ನಕ್ಷತ್ರಪುಂಜಗಳ ಹೆಸರು. ಮೊದಲು ಬಂದ ನಾಲ್ಕು ಜೆಮಿನಿ, ಪಿಸೀಸ್, ಸ್ಕಾರ್ಪಿಯೋ, ಟಾರಸ್. ಮಿಥುನ, ಮೀನ, ವೃಶ್ಚಿಕ, ವೃಷಭ! ನನ್ನ ಅತ್ತೆ ಬಂದಿದ್ದಾಗ ಇದನ್ನು ಹೇಳಿ ತಪ್ಪು ಮಾಡಿದೆ. ಮಗಳದ್ದು ವೃಶ್ಚಿಕ ರಾಶಿ, ಇವತ್ತು ಅದರಲ್ಲಿ ಹೋಗುವುದು ಬೇಡ ಅಂತ ದಕ್ಕೆಯ ಮೇಲೇ ನಿಂತುಬಿಟ್ಟರು.

ಲಾರ್ಕ್‌ಸ್ಪರ್‌ಅಕ್ಕ:

ಅಯ್ಯೋ. ರಾಹುಕಾಲದ ಟೈಮ್‌ಟೇಬಲ್ ಒಂದು ಕೊಟ್ಟುಬಿಡಿ ಅವರಿಗೆ.

ವಲೇಹೊಬಳಗ:

ಆ 445ರಲ್ಲಿ ಒಬ್ಬ ನಾನು. ನನ್ನದು ಒಂದು ಗಂಟೆ ದಾರಿ. ಜನ ಕೇಳುತ್ತಾರೆ, ದಿನಾ ಎರಡು ಗಂಟೆ ನೀರಿನ ಮೇಲಾ ಅಂತ. ಕಾರಿನಲ್ಲಾದರೆ ಅದೇ ಎರಡು ಗಂಟೆಗೂ ಜಾಸ್ತಿ ಸ್ಟಿಯರಿಂಗ್ ಹಿಡಿದಿರಬೇಕು. ಇಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿದ್ದೆ, ಅರ್ಧ ಗಂಟೆ ಮೇಲ್. ಸಂಜೆ ಏನೂ ಮಾಡಲ್ಲ. ಬರೀ ಕೂತಿರುತ್ತೇನೆ. ಮನೆ ಸೇರುವಾಗ ಆಫೀಸು ತಲೆಯಿಂದ ಇಳಿದಿರುತ್ತದೆ.

ಆದರೆ ಸಕ್ಕರೆ ಮಾತ್ರ ಹೇಳಬಾರದು. ಕೆಲವು ವರ್ಷದ ಹಿಂದೆ, ಆಗ ಬೇರೆ ಮಾರ್ಗದಲ್ಲಿದ್ದೆ, ಯಾವುದು ಅಂತ ಬೇಡ. ಸಂಜೆ ದೋಣಿಯ ಎಂಜಿನ್ ಕೆಟ್ಟು ರದ್ದಾಯಿತು. ಮುಂದಿನದಕ್ಕೆ ಒಂದು ಗಂಟೆ ಮೇಲೆ. ಅದು ಬಂದಾಗ ಎರಡು ದೋಣಿಯ ಜನ ಒಂದೇ ದಕ್ಕೆಯಲ್ಲಿ. ಸರದಿ ನಾನು ನಿಂತ ಕಡೆಗೆ ಬರುವಷ್ಟರಲ್ಲಿ ಸರಪಳಿ. ಮಗು ಡೇಕೇರ್‌ನಲ್ಲಿ ಕಾಯುತ್ತಿತ್ತು. ಹೆಚ್ಚುವರಿ ದೋಣಿ ಇಲ್ಲದ ಕಡೆ ಒಂದು ಎಂಜಿನ್ ಕೆಟ್ಟರೂ ಇಡೀ ಸಂಜೆ ಕೆಡುತ್ತದೆ. ಚಿಕ್ಕ ಮಗು ಇದ್ದರೆ ಡೇಕೇರ್‌ಗೆ ಹೋಗುವ ಕೆಲಸ ದಡದಲ್ಲೇ ಇರುವವರಿಗೆ ವಹಿಸಿ.

ದಕ್ಷಿಣದತುದಿ:

ನಾನು ಸ್ಯಾನ್ ಹೋಸೆಯವನು. ಈ ಮಾತುಕತೆ ಓದಿ ಹೊಟ್ಟೆಕಿಚ್ಚು. ನಮ್ಮ ಕಡೆ ನೀರಿಲ್ಲವಾ? ನಮಗ್ಯಾಕೆ ಫೆರಿ ಇಲ್ಲ?

ಪಾತಿದೋಣಿ:

ನೀರಿದೆ, ಆಳ ಇಲ್ಲ. ಗೋಲ್ಡನ್ ಗೇಟ್ ಕೆಳಗೆ 300 ಅಡಿಗೂ ಜಾಸ್ತಿ ಆಳ. ಇಡೀ ಕೊಲ್ಲಿಯ ಸರಾಸರಿ ತೆಗೆದರೆ ಸುಮಾರು 14 ಅಡಿ ಅಷ್ಟೇ. ದಕ್ಷಿಣಕ್ಕೆ ಹೋದಷ್ಟೂ ಕೆಸರು. ಇಳಿತದ ಹೊತ್ತಿಗೆ ಅಲ್ಲಿ ಹಕ್ಕಿ ನಡೆದುಕೊಂಡು ಹೋಗುತ್ತದೆ. ಕಾಲುವೆ ತೋಡಿ, ವರ್ಷ ಬಿಟ್ಟು ವರ್ಷ ಮತ್ತೆ ತೋಡುತ್ತಿರಬೇಕು. ಮೇಲಾಗಿ ದೂರ. ಅಷ್ಟು ದೂರಕ್ಕೆ ರೈಲೇ ಬೇಗ.

ಬರ್ಕ್ಲಿಯ ಹಳೇ ಕಟ್ಟೆ ನೋಡಿದ್ದೀರಾ? 1926ರಲ್ಲಿ ಕಾರಿನ ಫೆರಿಗಾಗಿ ಕಟ್ಟಿದ್ದು. ದೋಣಿಗೆ ಬೇಕಾದಷ್ಟು ಆಳ ಸಿಗಲಿ ಅಂತ ಮೂರೂವರೆ ಮೈಲಿ ನೀರಿನೊಳಗೆ ಚಾಚಿದ್ದರು! ಅರ್ಧ ಕೊಲ್ಲಿ ಸೇತುವೆಯೇ ಕಟ್ಟಿ ಉಳಿದರ್ಧಕ್ಕೆ ದೋಣಿ. ಹತ್ತು ವರ್ಷದಲ್ಲಿ ಬೇ ಬ್ರಿಡ್ಜ್ ಬಂತು, ಕಟ್ಟೆಯ ಕೆಲಸ ಮುಗಿಯಿತು.

ಬಾರ್ಟ್‌ಬಂಟ:

ದುಡ್ಡಿನ ಮಾತು ಯಾರೂ ಎತ್ತುತ್ತಿಲ್ಲ. ಡೀಸೆಲ್ ಸುಡುವ ದೋಣಿ, ಕ್ಯಾಪ್ಟನ್, ಸಿಬ್ಬಂದಿ, ಮಧ್ಯಾಹ್ನ ಅರ್ಧ ಖಾಲಿ ಸೀಟು. ಟಿಕೆಟ್ಟಿನ ದುಡ್ಡಲ್ಲಿ ಇದು ನಡೆಯುತ್ತಾ? ನಡೆಯಲ್ಲ. ಕೊಡುವವರು ಸೇತುವೆಯ ಮೇಲೆ ಕಾರು ಓಡಿಸುವವರು. 2018ರ ಜೂನ್‌ನಲ್ಲಿ ಮತ ಹಾಕಿ ಸುಂಕ ಏರಿಸಿಕೊಂಡೆವಲ್ಲ, ಅದರ ಒಂದು ಪಾಲು ಫೆರಿಗೆ. ಬೇ ಬ್ರಿಡ್ಜ್ ಸುಂಕ 2025ರಲ್ಲಿ 8 ಡಾಲರ್ ಆಯಿತು. ದಡದಲ್ಲಿ ಚೆಂದದ ಮನೆ ಮಾಡಿದವರ ಪ್ರಯಾಣಕ್ಕೆ ದೂರದ ಆಂಟಿಯೋಕ್ ಊರಿನಿಂದ ಹಳೇ ಕಾರಿನಲ್ಲಿ ಬರುವವನು ದುಡ್ಡು ಕೊಡಬೇಕಾ?

ಲಗೂನ್‌ದಡ:

ಇದು ಚುಚ್ಚುವ ಪ್ರಶ್ನೆ, ಸುಳ್ಳಲ್ಲ. ನನ್ನ ದೋಣಿಯಲ್ಲಿ ಕೂತವರನ್ನು ನೋಡಿದರೆ ಹೆಚ್ಚಿನವರು ಬಡವರಲ್ಲ. 2021ರಲ್ಲಿ ದರ ಇಳಿಸಿ ಬಾರ್ಟ್ ಹತ್ತಿರಕ್ಕೆ ತಂದರು. ಆಮೇಲೆ ಜನ ಸ್ವಲ್ಪ ಬೆರೆತರು ಅಂತ ನನ್ನ ಕಣ್ಣಿಗೆ ಕಂಡಿದೆ. ವಲೇಹೊ, ರಿಚ್ಮಂಡ್ ದೋಣಿಗಳಲ್ಲಿ ಇನ್ನೂ ಜಾಸ್ತಿ.

ಎಂಬತ್ತೊಂಬತ್ತರವ:

ಬಂಟರೇ, ಈ ಫೆರಿ ನಡೆಸುವ ಸರ್ಕಾರಿ ಸಂಸ್ಥೆಯ ಪೂರ್ತಿ ಹೆಸರಿನಲ್ಲೇ ‘ತುರ್ತು’ ಅನ್ನೋ ಪದ ಇದೆ. 2007ರ ಕಾನೂನಿನಲ್ಲಿ ಹಾಗೇ ಹುಟ್ಟಿಸಿದರು. ಭೂಕಂಪವಾಗಿ ಸೇತುವೆ, ಕೊಳವೆ ಎರಡೂ ಮುಚ್ಚಿದ ದಿನ ಜನರನ್ನು ದಾಟಿಸಬೇಕಾದದ್ದು ಅವರ ಕೆಲಸ. ಫೆರಿ ಬಿಲ್ಡಿಂಗಿನ ದಕ್ಷಿಣಕ್ಕೆ 2020ರಲ್ಲಿ ಮುಗಿಸಿದ ಹೊಸ ಗೇಟುಗಳನ್ನೂ ಆ ದಿನಕ್ಕೆ ನಿಲ್ಲುವಂತೆ ಕಟ್ಟಿದ್ದಾರೆ. ಬೆಂಕಿ ಬಿದ್ದ ದಿನ ಬಾವಿ ತೋಡೋಕಾಗಲ್ಲ. ದೋಣಿ, ನಡೆಸುವವರು, ದಕ್ಕೆ ಎಲ್ಲ ದಿನಾ ಓಡುತ್ತಿದ್ದರೆ ಮಾತ್ರ ಅವತ್ತು ಓಡುತ್ತವೆ. ಆಂಟಿಯೋಕಿನವನನ್ನೂ ಅವತ್ತು ದಾಟಿಸೋದು ಅದೇ ದೋಣಿ.

ಬಾರ್ಟ್‌ಬಂಟ:

ಇದು ಒಪ್ಪುವ ಮಾತು. ಅಷ್ಟು ಮಟ್ಟಿಗೆ ಹಿಂದೆ ತಗೊಂಡೆ. ಡೀಸೆಲ್ ಮಾತ್ರ ಹಿಂದೆ ತಗೊಳ್ಳಲ್ಲ.

ಪಾತಿದೋಣಿ:

ಡೀಸೆಲ್ ವಿಷಯದಲ್ಲಿ ನಾನು ನಿಮ್ಮ ಕಡೆ. 2024ರ ಜುಲೈನಲ್ಲಿ ‘ಸೀ ಚೇಂಜ್’ ಅಂತ ಹೈಡ್ರೋಜನ್ ದೋಣಿ ಇಳಿಸಿದರು, 75 ಜನರದು. ಪಿಯರ್ 41ರಿಂದ ಫೆರಿ ಬಿಲ್ಡಿಂಗಿಗೆ ಪ್ರಯೋಗಕ್ಕೆ ಬಿಟ್ಟಿ ಓಡಿಸಿದರು. ನಾನೂ ಹತ್ತಿ ನೋಡಿದೆ. ಎಂಜಿನ್ ಗುಡುಗು ಇಲ್ಲ, ಹೊಗೆ ಇಲ್ಲ, ಹೊರಗೆ ಬರೋದು ನೀರು. ಆದರೆ 15 ನಾಟ್ ಆಸುಪಾಸಿನ ವೇಗ. ವಲೇಹೊಬಳಗದವರು ಅದರಲ್ಲಿ ಹೊರಟರೆ ಆಫೀಸಿಗೆ ಊಟದ ಹೊತ್ತಿಗೆ ಮುಟ್ಟುತ್ತಾರೆ. ಹತ್ತಿರದ ದಾರಿಗಳಿಗೆ ಬ್ಯಾಟರಿ ದೋಣಿ ತರುವ ಯೋಜನೆ ನಡೆದಿದೆ. ಅಲ್ಲೂ ತೊಡಕು ದೋಣಿಯದ್ದಲ್ಲ, ತೇಲುವ ದಕ್ಕೆಗೆ ಅಷ್ಟು ಕರೆಂಟ್ ಎಳೆಯೋದು. ಭರತ ಇಳಿತಕ್ಕೆ ದಕ್ಕೆ ಅಡಿಗಟ್ಟಲೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಕೇಬಲ್ ಅದರ ಜೊತೆ ಕುಣಿಯಬೇಕು.

ಹೊಸಬಾಡಿಗೆ:

ಐದು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ದಿನವೇ ದೋಣಿ ತಪ್ಪಿಸಿಕೊಂಡೆ, ತಪ್ಪು ನನ್ನದೇ. ಮೇನ್ ಸ್ಟ್ರೀಟಿನ ಹಳೇ ದಕ್ಕೆಗೆ ಹೋಗಿ ನಿಂತಿದ್ದೆ. ಅಲಮೀಡಾದಲ್ಲಿ ದಕ್ಕೆ ಒಂದಲ್ಲ ಅಂತ ಇಲ್ಲಿ ಯಾರೂ ಹೇಳಲಿಲ್ಲ!

ಲಗೂನ್‌ದಡದವರ 47 ನಿಮಿಷ ನನಗೆ 52. ಮೊದಲ ವಾರ ಕಾರಿನಲ್ಲಿ ದಕ್ಕೆಗೆ ಹೋದೆ, ಪಾರ್ಕಿಂಗ್ ಸಿಕ್ಕಿತು. ಈಗ ಸೈಕಲ್. ದೋಣಿಯಲ್ಲಿ ಸೈಕಲ್ಲಿಗೆ ದುಡ್ಡಿಲ್ಲ, ಮೊದಲು ಬಂದವರಿಗೆ ಜಾಗ. ಎರಡು ಸಂಜೆ ಗಾಳಿ ಜೋರಾಗಿತ್ತು. ಕೆಳಗೆ, ಹಿಂದೆ ಕುಳಿತು ಬಂದರಿನ ಬಿಳಿ ಕ್ರೇನುಗಳನ್ನೇ ದಿಟ್ಟಿಸಿದೆ. ವಾಂತಿ ಆಗಲಿಲ್ಲ. ಒಂದು ಗುರುವಾರ ಕೊನೆ ದೋಣಿ ತಪ್ಪಿ ಬಾರ್ಟು, ಬಸ್ಸು ಅಂತ ಬಂದೆ. ಆ ರಾತ್ರಿ ಬಂಟರನ್ನು ನೆನೆದೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ದೋಣಿಯ ಹಿಂದೆ ನಿಂತು ಮಾತಾಡುತ್ತಿದ್ದೆ. ಅದೇನಪ್ಪ ಸದ್ದು, ಎಲ್ಲಿದ್ದೀಯ ಅಂದರು. ಆಫೀಸಿಗೆ ಹೋಗುತ್ತಿದ್ದೇನೆ ಅಂದೆ. ನಂಬಲಿಲ್ಲ.

ಲಗೂನ್‌ದಡ:

ಮಂಗಳವಾರ ಬೆಳಿಗ್ಗೆ ಕೆಂಪು ಹೆಲ್ಮೆಟ್ ಹಾಕಿಕೊಂಡು ಹಿಂದೆ ನಿಂತು ಕನ್ನಡದಲ್ಲಿ ಕೂಗಾಡುತ್ತಿದ್ದವರು ನೀವೇನಾ?

ಹೊಸಬಾಡಿಗೆ:

ನಾನೇ. ನೀವು ಎಲ್ಲಿದ್ದಿರಿ?!

ಲಗೂನ್‌ದಡ:

ಮೇಲಿನ ಅಂತಸ್ತು. ಗುರುವಾರ ಕೆಳಗೆ ಬರುತ್ತೇನೆ, ಪಕ್ಕದಲ್ಲಿ ಒಂದು ಜಾಗ ಹಿಡಿದಿರಿ.